ಕಪಿಲೆ ಕಚ್ಚಿ ಹಿಡಿದ ಲಂಗರು

ನದಿಯ ತಳದಲ್ಲಿ ಏನೇನಿದೆ ಎಂದು ಯಾರಾದರೂ ನನ್ನನ್ನು ಕೇಳಿದರೆ, ಲಂಗರಿಗೆ ಸಿಕ್ಕಿಕೊಳ್ಳದ ವಸ್ತು ಯಾವುದೂ ಇಲ್ಲ ಎಂದಷ್ಟೇ ಹೇಳಬಲ್ಲೆ. ವಾರಕ್ಕೊಮ್ಮೆ ಅಲ್ಲದಿದ್ದರೂ ತಿಂಗಳಿಗೊಮ್ಮೆಯಾದರೂ ನಮ್ಮ ದೋಣಿಯ ಲಂಗರು ಎಲ್ಲಾದರೂ ಕಚ್ಚಿಕೊಳ್ಳುತ್ತಿತ್ತು. ಕಚ್ಚಿಕೊಂಡಾಗಲೆಲ್ಲ ಏನಾದರೊಂದು ನಡೆಯುತ್ತಿತ್ತು. ಹತ್ತು ಹದಿನೈದು ವರ್ಷ ಇದೇ ಆದರೆ ಮನುಷ್ಯ ಒಂದೋ ಕೆಲಸ ಬಿಡಬೇಕು, ಇಲ್ಲವೇ ನಗುವುದನ್ನು ಕಲಿಯಬೇಕು. ಮನೆಯಲ್ಲಿ ಹೆಂಡತಿ ಮಕ್ಕಳು ಇದ್ದುದರಿಂದ ನಾನು ಎರಡನೆಯದನ್ನು ಕಲಿತೆ.

ನನ್ನ ಕೆಲಸ ನದಿಯ ನೀರು ಅಳೆಯುವುದು. ತೊಂಬತ್ತರ ದಶಕದ ಆರಂಭದಲ್ಲಿ ನಂಜನಗೂಡಿನಲ್ಲಿ ಸೇರಿದೆ, ಆಮೇಲೆ ತಿ. ನರಸೀಪುರಕ್ಕೆ ಹೋದೆ. ಬೆಳಿಗ್ಗೆ ದೋಣಿಯಲ್ಲಿ ಹೊಳೆಯ ಮಧ್ಯಕ್ಕೆ ಹೋಗುವುದು, ಲಂಗರು ಇಳಿಸಿ ದೋಣಿ ನಿಲ್ಲಿಸುವುದು, ಮೀಟರನ್ನು ನೀರಿಗೆ ಬಿಟ್ಟು ಎಷ್ಟು ಆಳ, ಎಷ್ಟು ವೇಗ ಎಂದು ಬರೆದುಕೊಂಡು ಬರುವುದು. ದೋಣಿಯಲ್ಲಿ ನಾವು ಮೂವರು. ಬರೆದುಕೊಳ್ಳಲು ನಾನು, ನೋಡಿಕೊಳ್ಳಲು ಚಿಕ್ಕ ಸಾಹೇಬರು, ಮಿಕ್ಕ ಕೆಲಸವನ್ನೆಲ್ಲ ಮಾಡಲು ದೋಣಿಯಣ್ಣ.

ದೋಣಿಯಣ್ಣ ನರಸೀಪುರದ ಕಡೆಯವನು. ದಿನಗೂಲಿ ನೌಕರ. ತನ್ನನ್ನು ಖಾಯಂ ಮಾಡಿ ಎಂಬ ಅವನ ಅರ್ಜಿ ವರ್ಷಕ್ಕೊಮ್ಮೆ ಮೈಸೂರಿನ ದೊಡ್ಡ ಕಚೇರಿಗೆ ಹೋಗುತ್ತಿತ್ತು, ವರ್ಷಕ್ಕೊಮ್ಮೆ ವಾಪಸ್ ಬರುತ್ತಿತ್ತು. ಕಾರಣ ಒಂದೇ ಒಂದು ಸಾಲು. ನಾನು ಸೇರುವ ಮೊದಲು ಅವನು ನರಸೀಪುರದಲ್ಲಿದ್ದಾಗ ಒಂದು ಲಂಗರು ಕಳೆದುಹೋಗಿತ್ತು. ಆಗಿನ ಸಾಹೇಬರು ಕಡತದಲ್ಲಿ ಷರಾ ಬರೆದಿದ್ದರು: 'ದೋಣಿಯವನ ಅಜಾಗರೂಕತೆಯಿಂದ ಲಂಗರು ಪ್ರವಾಹದಲ್ಲಿ ಕೊಚ್ಚಿಹೋಗಿರುತ್ತದೆ.' ಆ ಷರಾ ಇರುವವರೆಗೆ ಖಾಯಂ ಇಲ್ಲ. ಇನ್ನೊಂದು ಲಂಗರು ಹೋದರೆ ಕೆಲಸವೇ ಇಲ್ಲ.

ಬೇರೆ ದೋಣಿಯವರು ಲಂಗರು ಕಚ್ಚಿಕೊಂಡರೆ ಸ್ವಲ್ಪ ಹೊತ್ತು ಎಳೆದು ನೋಡಿ, ಹಗ್ಗ ಕತ್ತರಿಸಿ, ಊಟಕ್ಕೆ ಮನೆ ಸೇರುತ್ತಿದ್ದರು. ನಮ್ಮ ದೋಣಿಯಣ್ಣ ಮಾತ್ರ "ಬುಡಕಿಲ್ಲ ಸಾ" ಎಂದು ಹಗ್ಗ ಹಿಡಿದು ಕೂತುಬಿಡುತ್ತಿದ್ದ. ಮುಂದೆ ಹೇಳುವುದೆಲ್ಲ ಅವನ ಆ ಹಟದಿಂದ ನಾವು ಪಟ್ಟ ಪಾಡು.

ಬಿಟ್ಟ ಪಂಚೆ

ನಂಜನಗೂಡಿಗೆ ಹರಕೆ ಹೊತ್ತು ಬಂದವರು ಕಪಿಲೆಯಲ್ಲಿ ಮುಳುಗಿ ಎದ್ದು, ಉಟ್ಟ ಬಟ್ಟೆಯನ್ನು ಹೊಳೆಗೇ ಬಿಟ್ಟು, ಹೊಸ ಬಟ್ಟೆ ಉಟ್ಟು ದೇವಸ್ಥಾನಕ್ಕೆ ಹೋಗುತ್ತಾರೆ. ಮೈಯ ಕಾಯಿಲೆ, ಮನೆಯ ಕಷ್ಟ ಎಲ್ಲ ಆ ಬಟ್ಟೆಯ ಜೊತೆ ಹೋಗಲಿ ಎಂಬುದು ನಂಬಿಕೆ. ಹೋದದ್ದು ಎಲ್ಲಿಗೆ ಎಂದು ಯಾರೂ ವಿಚಾರಿಸುವುದಿಲ್ಲ. ನಮ್ಮ ಲಂಗರಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು.

ಒಂದು ಬೆಳಿಗ್ಗೆ ಲಂಗರು ಮೇಲೆ ಬರಲಿಲ್ಲ. ಅರ್ಧ ಗಂಟೆ ಎಳೆದ ಮೇಲೆ ಒಂದು ದೊಡ್ಡ ಹಾಸಿಗೆ ಸುರುಳಿಯಷ್ಟು ಬಟ್ಟೆಯ ಗಂಟು ಅದರ ಜೊತೆಗೇ ಮೇಲೆ ಬಂತು. ಸೀರೆ, ಲುಂಗಿ, ಬನಿಯನ್, ಮದುವೆಯ ಶಲ್ಯ, ಎಲ್ಲ ಒಂದಕ್ಕೊಂದು ಹೆಣೆದುಕೊಂಡಿದ್ದವು. ದೋಣಿಯನ್ನು ಮೆಟ್ಟಿಲ ಬಳಿ ತಂದು ನಿಲ್ಲಿಸಿದೆವು. ಚಿಕ್ಕ ಸಾಹೇಬರು ತೋಳು ಮಡಿಸಿ ಕೂತು ಒಂದೊಂದಾಗಿ ಬಿಡಿಸತೊಡಗಿದರು.

ಮೆಟ್ಟಿಲ ಮೇಲೆ ಒದ್ದೆ ಕೂದಲು ಹರವಿಕೊಂಡು ನಿಂತಿದ್ದ ಹೆಂಗಸೊಬ್ಬಳು ಕೂಗಿದಳು. "ಅಣ್ಣೋ, ಆ ಕೆಂಪಂಚಿನ ಪಂಚೆ ನಮ್ ಯಜಮಾನ್ರುದು. ಈಗ್ ತಾನೆ ಬುಟ್ಟಿದ್ದು. ಅವ್ರ ಮಂಡಿ ನೋವ್ನೆಲ್ಲ ಅದ್ರಲ್ಲೇ ಬುಟ್ಟಿದ್ದೀವಿ. ನೀವ್ಯಾಕ್ ಎತ್ತುದ್ರಿ?"

ಪಕ್ಕದಲ್ಲಿ ಹೊಸ ಪಂಚೆಯಲ್ಲಿ ನಿಂತಿದ್ದ ಯಜಮಾನರು ಮೆಲ್ಲಗೆ ಬಗ್ಗಿ ಮಂಡಿ ಹಿಡಿದುಕೊಂಡರು. "ಬಂತು ಕಣೆ" ಅಂದರು.

ದೋಣಿಯಣ್ಣ ಗಾಬರಿಯಾಗಲಿಲ್ಲ. ಪಂಚೆಯನ್ನು ಸಾಹೇಬರ ಕೈಯಿಂದ ಇಸಕೊಂಡು, ದೋಣಿ ನೂಕುವ ಗಳದ ತುದಿಗೆ ಸುತ್ತಿ, ನೀರು ಜೋರಾಗಿ ಹರಿಯುವ ಕಡೆಗೆ ದೂಡಿಬಿಟ್ಟ. "ಓಯ್ತು ನೋಡಿ ಯಜಮಾನ್ರೆ. ಈ ಸಾರಿ ನರಸೀಪುರದ ಗಂಟ ನಿಲ್ಲಕಿಲ್ಲ."

ಯಜಮಾನರು ಪಂಚೆ ಕಣ್ಮರೆಯಾಗುವವರೆಗೆ ನೋಡಿದರು. ಆಮೇಲೆ ಮಂಡಿ ಬಿಟ್ಟು ಎರಡು ಮೆಟ್ಟಿಲು ಹತ್ತಿದರು, ಇನ್ನೆರಡು ಹತ್ತಿದರು, ತಿರುಗಿ ನೋಡದೆ ಹೋದರು. ಅವರ ನೋವು ಅಲ್ಲಿಗೆ ಮುಗಿಯಿತು. ಪಂಚೆಯನ್ನು ಕೈಯಾರೆ ಬಿಡಿಸಿದ ಚಿಕ್ಕ ಸಾಹೇಬರು ಮಾತ್ರ ಒಂದು ವಾರ ಕಚೇರಿಯ ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಳ್ಳುತ್ತಿದ್ದರು. ಏನಾಯಿತು ಸರ್ ಎಂದು ಕೇಳಿದರೆ "ಥಂಡಿ" ಎನ್ನುತ್ತಿದ್ದರು. ಆಗ ಏಪ್ರಿಲ್ ತಿಂಗಳು.

ಹಗ್ಗಕ್ಕೆ ಕೈ

ಇನ್ನೊಂದು ಸಲ, ಸೋಮವಾರ, ಲಂಗರು ಸ್ನಾನಘಟ್ಟದ ಹತ್ತಿರವೇ ನೀರಿನೊಳಗಿದ್ದ ಹಳೆಯ ಕಲ್ಲುಮೆಟ್ಟಿಲಿನ ಸಂದಿಗೆ ಸಿಕ್ಕಿಕೊಂಡಿತು. ದೋಣಿಯಲ್ಲಿ ನಿಂತು ಎಳೆದರೆ ದೋಣಿಯೇ ವಾಲುತ್ತಿತ್ತು. ದೋಣಿಯಣ್ಣ ಹಗ್ಗದ ತುದಿಯನ್ನು ದಡಕ್ಕೆ ತಂದು ಮೆಟ್ಟಿಲ ಮೇಲೆ ನಿಂತು ಎಳೆಯತೊಡಗಿದ. ನಾನೂ ಸೇರಿಕೊಂಡೆ.

ತೇರಿನ ಊರಾದ ನಂಜನಗೂಡಿಗೆ ಬಂದವರ ಕಣ್ಣಿಗೆ ದಪ್ಪ ಹಗ್ಗ ಬಿದ್ದರೆ ಕೈ ಸುಮ್ಮನಿರುವುದಿಲ್ಲ. ಮೊದಲು ಆಗಷ್ಟೇ ಮುಡಿ ಕೊಟ್ಟು ಬಂದಿದ್ದ ಅಪ್ಪ ಮಗ ಇಬ್ಬರೂ ಚಪ್ಪಲಿ ಕಳಚಿ, ಹಗ್ಗ ಮುಟ್ಟಿ ಕಣ್ಣಿಗೊತ್ತಿಕೊಂಡು, ನಮ್ಮ ಹಿಂದೆ ನಿಂತರು. ಆಮೇಲೆ ಹೆಮ್ಮರಗಾಲದಿಂದ ಬಂದಿದ್ದ ಅಜ್ಜಿಯರ ಗುಂಪು. ಅವರ ಹಿಂದೆ ಯಾರ್ಯಾರೋ. ಇದು ಏನು, ಎತ್ತ ಎಂದು ಒಬ್ಬರೂ ಕೇಳಲಿಲ್ಲ. ಯಾರೋ ದೇವರ ಹೆಸರು ಕೂಗಿದರು, ಎಲ್ಲರೂ ದನಿಗೂಡಿಸಿದರು, ಲಂಗರು ಕಲ್ಲಿನಿಂದ ಕಿತ್ತುಕೊಂಡು ಮೇಲೆ ಬಂತು. ನಮ್ಮಿಬ್ಬರಿಂದ ಇಡೀ ದಿನ ಆಗದ ಕೆಲಸ ಐದು ನಿಮಿಷದಲ್ಲಿ ಆಯಿತು.

ದೋಣಿಯಣ್ಣನಿಗೆ ಹೋದ ಜೀವ ಬಂದಂತಾಯಿತು. ಲಂಗರನ್ನು ಎರಡು ಕೈಯಲ್ಲೂ ಎತ್ತಿ ಮೆಟ್ಟಿಲ ಮೇಲೆ ಇಟ್ಟ. ಅಜ್ಜಿಯೊಬ್ಬಳು ಮುಂದೆ ಬಂದು ಅದರ ನಾಲ್ಕೂ ಕೊಕ್ಕೆಗೆ ಕುಂಕುಮ ಇಟ್ಟಳು. ಒಂದು ಹೂವು ಸಿಕ್ಕಿಸಿದಳು. ಕೈಮುಗಿದಳು. ಆಮೇಲೆ ಆ ಕೈಯನ್ನೇ ಬೊಗಸೆ ಮಾಡಿ ದೋಣಿಯಣ್ಣನ ಮುಂದೆ ಒಡ್ಡಿ ನಿಂತಳು. ಅವಳ ಹಿಂದೆ ಸಾಲು ನಿಂತಿತು.

"ಏನವ್ವ?" ಎಂದ ದೋಣಿಯಣ್ಣ.

"ಪ್ರಸಾದ ಕೊಡಪ್ಪ."

ದೋಣಿಯಣ್ಣ ನನ್ನ ಮುಖ ನೋಡಿದ. ನಾನು ಚಿಕ್ಕ ಸಾಹೇಬರ ಮುಖ ನೋಡಿದೆ. ಸಾಹೇಬರ ಕೈಯಲ್ಲಿ ಅವರ ಮನೆಯ ಟಿಫಿನ್ ಕ್ಯಾರಿಯರ್ ಇತ್ತು. ನಲವತ್ತು ಜನ ಅದನ್ನೇ ನೋಡುತ್ತಿದ್ದರು. ಸಾಹೇಬರು ಒಳ್ಳೆಯವರು, ನಿಟ್ಟುಸಿರು ಬಿಟ್ಟು ಮುಚ್ಚಳ ತೆಗೆದರು. ಒಬ್ಬೊಬ್ಬರಿಗೆ ಒಂದೊಂದು ಚಿಟಿಕೆ ಚಿತ್ರಾನ್ನ ಬಂತು. ಕೊನೆಯಲ್ಲಿ ಸಾಹೇಬರಿಗೆ ಕ್ಯಾರಿಯರ್ ಮಾತ್ರ ಉಳಿಯಿತು.

ಮುಂದಿನ ಸೋಮವಾರ ನಾವು ಹೋಗುವ ಹೊತ್ತಿಗೆ ಅದೇ ಅಜ್ಜಿಯರು ಮೆಟ್ಟಿಲ ಮೇಲೆ ಕೂತಿದ್ದರು. "ಇವತ್ತು ಎಷ್ಟೊತ್ತಿಗಪ್ಪ ಎಳ್ಯದು?" ಎಂದು ಒಬ್ಬಳು ಕೇಳಿದಳು. ಇವತ್ತು ಎಳೆಯುವುದಿಲ್ಲ ಕಣಜ್ಜಿ ಎಂದೆ. "ಓಗ್ಲಿ ಬುಡು" ಎಂದು ಎದ್ದು, ನಾಲ್ಕು ಹೆಜ್ಜೆ ಹೋಗಿ, ಸಾಹೇಬರ ಕಡೆ ತಿರುಗಿದಳು. "ಓದ್ ವಾರ ಪ್ರಸಾದಕ್ಕೆ ಉಪ್ಪು ಒಸಿ ಕಮ್ಮಿ ಆಗಿತ್ತು ಸಾಮಿ. ಅಡುಗೆ ಮಾಡೋರಿಗೆ ಒಂದ್ ಮಾತು ಯೇಳಿ." ಸಾಹೇಬರು ಆ ಮಾತನ್ನು ಮನೆಗೆ ಮುಟ್ಟಿಸಿದ ಹಾಗೆ ಕಾಣಲಿಲ್ಲ.

ಮೂವತ್ತೇಳು ಡಿಗ್ರಿ

ಆ ಸಾಹೇಬರಿಗೆ ವರ್ಗವಾಗಿ ಹೊಸ ಚಿಕ್ಕ ಸಾಹೇಬರು ಬಂದರು. ಕಾಲೇಜಿನಿಂದ ಆಗತಾನೇ ಹೊರಬಿದ್ದ ಹುಡುಗ. ಷರಟಿನ ಜೇಬಿನಲ್ಲಿ ಮೂರು ಪೆನ್ನು. ಬಂದ ವಾರವೇ ಲಂಗರು ಬಂಡೆಯ ಸಂದಿಗೆ ಕಚ್ಚಿಕೊಂಡಿತು.

ದೋಣಿಯಣ್ಣ ಎಂದಿನಂತೆ ಹಗ್ಗವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಲ್ಲಾಡಿಸುತ್ತಿದ್ದ. ಸಾಹೇಬರು ಅವನನ್ನು ತಡೆದರು. "ಹಾಗೆ ಸಿಕ್ಕಾಪಟ್ಟೆ ಎಳೀಬಾರದು. ಪ್ರತಿಯೊಂದಕ್ಕೂ ಒಂದು ಲೆಕ್ಕ ಇದೆ" ಎಂದು ನನ್ನ ಪುಸ್ತಕ ಇಸಕೊಂಡು, ಬಂಡೆ ಬರೆದು, ಲಂಗರು ಬರೆದು, ಹಗ್ಗ ಬರೆದು, ನಾಲ್ಕೂ ಕಡೆಗೆ ಬಾಣದ ಗುರುತು ಹಾಕಿದರು. ಬಾಣಗಳ ಮಧ್ಯೆ ದೋಣಿಯಲ್ಲಿ ಕೂತ ಮೂರು ಜನರನ್ನೂ ಬರೆದಿದ್ದರು. ನನ್ನ ತಲೆ ಸ್ವಲ್ಪ ದೊಡ್ಡದಾಗಿತ್ತು.

ಮುಕ್ಕಾಲು ಗಂಟೆ ಲೆಕ್ಕ ನಡೆಯಿತು. ದೋಣಿಯಣ್ಣ ಎಲೆಅಡಿಕೆ ಹಾಕಿಕೊಂಡು ಗೌರವದಿಂದ ನೋಡುತ್ತ ಕೂತಿದ್ದ. ಕೊನೆಗೆ ಸಾಹೇಬರು ಉತ್ತರದ ಕೆಳಗೆ ಎರಡು ಗೆರೆ ಎಳೆದರು. "ಹಿಂದಕ್ಕೆ ಹೋಗಿ ಮೂವತ್ತೇಳು ಡಿಗ್ರಿಯಲ್ಲಿ ಎಳೆದರೆ ತಾನಾಗಿಯೇ ಬರುತ್ತೆ."

"ಮೂವತ್ತೇಳು ಅಂದ್ರೆ ಎತ್ಲಾಗೆ ಸಾ?"

"ಈ ಕಡೆ" ಎಂದು ಸಾಹೇಬರು ತೋರಿಸಲು ದೋಣಿಯ ತುದಿಯಲ್ಲಿ ಎದ್ದು ನಿಂತರು, ಕೈ ಚಾಚಿದರು, ಕಾಲು ಜಾರಿ ನೀರಿಗೆ ಬಿದ್ದರು. ಬೀಳುವಾಗ ಕೈಗೆ ಸಿಕ್ಕಿದ್ದು ಲಂಗರಿನ ಹಗ್ಗ. ಜೀವ ಉಳಿಸಿಕೊಳ್ಳಲು ಎರಡು ಕೈಯಲ್ಲೂ ಅದನ್ನು ತಬ್ಬಿಕೊಂಡು ಜೋತುಬಿದ್ದರು. ಆ ಜಗ್ಗಾಟಕ್ಕೆ ಕೆಳಗೆ ಏನೋ ಟಕ್ಕೆಂದಿತು, ಹಗ್ಗ ಸಡಿಲವಾಯಿತು, ಲಂಗರು ಬಿಟ್ಟುಕೊಂಡಿತು.

ಸಾಹೇಬರನ್ನು ಮೇಲೆ ಎಳೆದು ಕೂರಿಸಿದೆವು. ಮೂರು ಪೆನ್ನಿನಲ್ಲಿ ಎರಡು ಕಪಿಲೆಯ ಪಾಲಾಗಿದ್ದವು. ಅವರಿಗೆ ಬೇಸರವಾಗದಿರಲಿ ಎಂದು ನಾನು ನಗುವನ್ನು ಹಲ್ಲು ಕಚ್ಚಿ ತಡೆದುಕೊಂಡಿದ್ದೆ. ದೋಣಿಯಣ್ಣ ನಿಜವಾದ ಮೆಚ್ಚುಗೆಯಿಂದ ತಲೆದೂಗಿದ. "ಲೆಕ್ಕ ಸರ್ಯಾಗೇ ಅದೆ ಸಾ. ನಿಮ್ ತೂಕ ಒಂದು ಸೇರ್ಸದು ಮರ್ತಿದ್ರಿ."

ಬಿಂದಿಗೆ

ಕೆಲವು ವರ್ಷವಾದ ಮೇಲೆ ನನಗೂ ದೋಣಿಯಣ್ಣನಿಗೂ ಒಟ್ಟಿಗೇ ನರಸೀಪುರಕ್ಕೆ ವರ್ಗವಾಯಿತು. ಅವನಿಗೆ ಅದು ಊರಿಗೆ ಮರಳಿದ ಹಾಗೂ ಆಯಿತು, ಷರಾ ಹುಟ್ಟಿದ ಜಾಗಕ್ಕೆ ಮರಳಿದ ಹಾಗೂ ಆಯಿತು.

ಅಲ್ಲಿ ಒಂದು ದಿನ ಕಪಿಲೆಯ ಆಚೆ ದಡದ ಸಮೀಪ ಲಂಗರು ಮುಳುಗಿದ್ದ ಮರದ ಬೇರಿಗೆ ಕಚ್ಚಿಕೊಂಡಿತು. ಅಳತೆಯನ್ನು ಎಂಟೂವರೆಯೊಳಗೆ ಮೈಸೂರಿಗೆ ತಿಳಿಸಬೇಕಿತ್ತು. ಹಗ್ಗ ಬಿಟ್ಟು ಹೋದರೆ ಲಂಗರು ಎಲ್ಲಿದೆ ಎಂದು ಆಮೇಲೆ ಗೊತ್ತಾಗುವುದಿಲ್ಲ. ದೋಣಿಯಣ್ಣ ಯೋಚಿಸಿ, ದಡದ ಹತ್ತಿರವೇ ಇದ್ದ ತನ್ನ ಮನೆಗೆ ಈಜಿ ಹೋಗಿ, ಒಂದು ಹೊಸ ಪ್ಲಾಸ್ಟಿಕ್ ಬಿಂದಿಗೆ ತಂದ. ಹಳದಿ ಬಣ್ಣ, ಎರಡು ಮೈಲಿಗೂ ಕಾಣುವಂಥದ್ದು. ಹಗ್ಗದ ತುದಿಯನ್ನು ಅದರ ಕತ್ತಿಗೆ ಕಟ್ಟಿ ತೇಲಿಬಿಟ್ಟು ಕಚೇರಿಗೆ ಬಂದೆವು. ಮನೆಯವಳಿಗೆ ಹೇಳಿ ತಂದೆಯಾ ಎಂದು ಕೇಳಿದೆ. "ಅವ್ಳು ಗದ್ದೆಗೆ ಓಗಿದ್ಲು ಸಾ" ಎಂದ.

ಮಧ್ಯಾಹ್ನ ಹೋಗಿ ನೋಡಿದರೆ ಮೇಲಿನ ಅಣೆಕಟ್ಟಿನ ಗೇಟು ಮುಚ್ಚಿ ನೀರು ಸೊಂಟದಷ್ಟಕ್ಕೆ ಇಳಿದಿತ್ತು. ಬಿಂದಿಗೆ ಇರಲಿಲ್ಲ. ಹಗ್ಗವೂ ಕಾಣಲಿಲ್ಲ. ದೋಣಿಯಣ್ಣನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಅವನ ಕಣ್ಣೆದುರು ಎರಡನೆಯ ಷರಾ ಕುಣಿಯುತ್ತಿತ್ತು ಎಂದು ನನಗೂ ಗೊತ್ತು.

ದಡದಲ್ಲಿ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಅವಳ ಪಕ್ಕದಲ್ಲಿ ಹಳದಿ ಬಿಂದಿಗೆ, ತುಂಬ ನೀರು.

"ಆ ಬಿಂದ್ಗೆ ಎಲ್ಲಿತ್ತವ್ವ?" ಎಂದು ದೋಣಿಯಣ್ಣ ಕೇಳಿದ.

"ಒಳೇಲಿ ತೇಲ್ತಿತ್ತು. ಗಂಗಮ್ಮ ಕೊಟ್ಲು. ಅದ್ಯಾವ್ ದಡ್ಡನೋ ಕತ್ತಿಗೆ ಅಗ್ಗ ಬಿಗ್ದಿದ್ದ, ಬಿಚ್ಚೋ ಒತ್ಗೆ ಸಾಕಾಯ್ತು."

"ಆ ದಡ್ಡ ನಾನೇ ಕಣವ್ವ" ಎಂದು ದೋಣಿಯಣ್ಣ ಎಲ್ಲವನ್ನೂ ವಿವರಿಸಿದ. ಲಂಗರು, ಷರಾ, ಅರ್ಜಿ, ಖಾಯಂ. ಅವಳು ಒಗೆಯುವುದನ್ನು ನಿಲ್ಲಿಸಿ ಕೇಳಿದಳು, ಮರುಗಿದಳು, ಸೆರಗಿನಿಂದ ಕಣ್ಣನ್ನೂ ಒರೆಸಿಕೊಂಡಳು. ಆಮೇಲೆ ಬಿಂದಿಗೆಯನ್ನು ಕಂಕುಳಿಗೆ ಏರಿಸಿದಳು. "ಬಿಚ್ಚುದ್ ಜಾಗ ಎಲ್ಲಿ ಅಂತ ತೋರುಸ್ತೀನಿ ಬನ್ನಿ. ಬಿಂದ್ಗೆ ಮಾತ್ರ ಕೊಡಕಿಲ್ಲ."

ಅವಳು ತೋರಿಸಿದ ಜಾಗದಲ್ಲಿ ಒಂದೇ ಮುಳುಗಿಗೆ ಹಗ್ಗ ಸಿಕ್ಕಿತು, ಸಂಜೆಯ ಹೊತ್ತಿಗೆ ಲಂಗರೂ ಬಿಡಿಸಿಕೊಂಡಿತು. ಖುಷಿಯಾಗಬೇಕಿದ್ದ ದೋಣಿಯಣ್ಣ ಮನೆಗೆ ಹೋಗಲು ಒಲ್ಲದೆ ಕಚೇರಿಯ ಜಗಲಿಯಲ್ಲೇ ಕೂತಿದ್ದ. ಲಂಗರು ಸಿಕ್ಕಿತಲ್ಲ, ಇನ್ನೇನು ಎಂದೆ. "ಲಂಗ್ರು ಓಗಿದ್ರೆ ಬರೀ ಕೆಲ್ಸ ಓಗ್ತಿತ್ತು ಸಾ" ಎಂದ. "ಆ ಬಿಂದ್ಗೆ ನನ್ನೆಂಡ್ತಿ ತವರು ಮನೇಲಿ ಕೊಟ್ಟಿದ್ದು."

ದೊಡ್ಡ ಸಾಹೇಬರು ಬಂದರು

ಷರಾ ತಂದ ಆ ಹಳೆಯ ಲಂಗರನ್ನು ದೋಣಿಯಣ್ಣ ಮರೆತಿರಲಿಲ್ಲ. "ಕೊಚ್ಕೊಂಡ್ ಓಗಿಲ್ಲ ಸಾ, ಇಲ್ಲೇ ಅದೆ" ಎನ್ನುತ್ತಿದ್ದ. ನಾವು ನೀರು ಅಳೆಯುವುದು ಯಾವಾಗಲೂ ಒಂದೇ ಸಾಲಿನಲ್ಲಿ, ದಡದಿಂದ ದಡಕ್ಕೆ. ಆ ಸಾಲಿನ ನಡುಮಧ್ಯದಲ್ಲಿ ಪ್ರತಿ ಬೇಸಿಗೆಯೂ ಮುಳುಗಿ ಕೈಯಾಡಿಸುತ್ತಿದ್ದ. ಸಿಗುತ್ತಿದ್ದುದು ಬರೀ ಮರಳು. ಇವನಿಗೆ ಇದೊಂದು ಹುಚ್ಚು ಎಂದು ನಾನು ಸುಮ್ಮನಾಗಿದ್ದೆ. ಅಷ್ಟರಲ್ಲಿ ಎರಡು ಸಾವಿರದ ಇಸವಿ ದಾಟಿತು. ಹೊಳೆಯಲ್ಲಿ ಹರಿಗೋಲಿನವರು ಹಗಲೆಲ್ಲ ಮುಳುಗಿ ಮರಳು ಎತ್ತತೊಡಗಿದರು. ವರ್ಷ ವರ್ಷಕ್ಕೂ ತಳ ಇಳಿಯುತ್ತ ಹೋಯಿತು.

ಆ ಸಮಯದಲ್ಲೇ ಮೈಸೂರಿನ ಕಚೇರಿಗೆ ಹೊಸದಾಗಿ ಬಂದ ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆ ಎಂದು ಗೊತ್ತಾಯಿತು. ದಿನಗೂಲಿಯವರ ಕಡತಕ್ಕೆ ಸಹಿ ಮಾಡುವ ಅಧಿಕಾರ ಅವರದು. ಇದೇ ಸರಿಯಾದ ಸಮಯ, ಅರ್ಜಿಯನ್ನು ಕೈಗೇ ಕೊಡು ಎಂದು ನಾನು ದೋಣಿಯಣ್ಣನಿಗೆ ಹೇಳಿದೆ. ಅವನು ಹುಟ್ಟನ್ನು ಒರೆಸುತ್ತ ಹೇಳಿದ. "ಕೊಡ್ತೀನಿ ಸಾ. ಆದ್ರೆ ಅವತ್ತು ಷರಾ ಬರ್ದೋರು ಇವ್ರೇ."

ದೊಡ್ಡ ಸಾಹೇಬರು ಹೆಂಡತಿಯ ಜೊತೆ ಜೀಪಿನಲ್ಲಿ ಬಂದರು. ದಾರಿಯಲ್ಲಿ ಸೋಮನಾಥಪುರ ನೋಡಿಕೊಂಡು ಬಂದಿದ್ದರು. ಆಯಮ್ಮ ಹಸನ್ಮುಖಿ, ಎಲ್ಲರನ್ನೂ ಮಾತಾಡಿಸಿದರು. ಸಾಹೇಬರು ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ದೋಣಿಯಣ್ಣನ ಕಡತ ತೆರೆದು ಗಟ್ಟಿಯಾಗಿ ಓದಿದರು. "ಅಜಾಗರೂಕತೆಯಿಂದ ಲಂಗರು ಪ್ರವಾಹದಲ್ಲಿ ಕೊಚ್ಚಿಹೋಗಿರುತ್ತದೆ ಅಂತ ಷರಾ ಇದೆಯಲ್ಲಪ್ಪ. ಇದನ್ನ ಮೀರಿ ನಾನು ಹೇಗೆ ಸೈನ್ ಮಾಡಲಿ?" ಬರೆದವರು ಯಾರೋ ಬೇರೆಯವರು ಎಂಬಂತಿತ್ತು ಮಾತು. ದೋಣಿಯಣ್ಣ "ಸರಿ ಸಾ" ಎಂದ. ನನಗೆ ಮೈಯೆಲ್ಲ ಉರಿಯಿತು, ಆದರೆ ನನ್ನ ಸಂಬಳಕ್ಕೆ ಸಹಿ ಮಾಡುವವರೂ ಅವರೇ.

ಆಯಮ್ಮನಿಗೆ ದೋಣಿಯಲ್ಲಿ ಹೋಗಬೇಕೆಂದು ಆಸೆಯಾಯಿತು. ಎಲ್ಲರೂ ಹೊರಟೆವು. ಹೊಳೆಯ ಮಧ್ಯದಲ್ಲಿ ಲಂಗರು ಇಳಿಸಿ, ಅಳತೆ ಮಾಡಿ ತೋರಿಸಿ, ಎತ್ತಲು ಹೋದರೆ ಲಂಗರು ಬರಲಿಲ್ಲ.

ಹತ್ತು ನಿಮಿಷ ನೋಡಿ ದೊಡ್ಡ ಸಾಹೇಬರು ಗಡಿಯಾರ ನೋಡಿಕೊಂಡರು. "ಹಗ್ಗ ಕತ್ತರಿಸಿಬಿಡಪ್ಪ. ಮೈಸೂರಿಗೆ ತಡ ಆಗುತ್ತೆ."

"ಬುಡಕಿಲ್ಲ ಸಾ" ಎಂದ ದೋಣಿಯಣ್ಣ.

ಅಷ್ಟು ದೊಡ್ಡ ಅಧಿಕಾರಿಗೆ ಆ ಮಾತು ಹೇಳಿದ್ದನ್ನು ಕೇಳಿ ನಾನು ನದಿಯ ಕಡೆ ತಿರುಗಿ ಕೂತೆ. ಅವನು ಮಾತ್ರ ಹತ್ತಿರದಲ್ಲಿ ಮರಳು ಎತ್ತುತ್ತಿದ್ದ ಹರಿಗೋಲಿನವರನ್ನು ಕೂಗಿ ಕರೆದ. ಅವರಲ್ಲೊಬ್ಬ ಹಗ್ಗ ಹಿಡಿದು ಮುಳುಗಿದ. ಮೇಲೆ ಬಂದು ಉಸಿರು ಬಿಟ್ಟು ಹೇಳಿದ. "ಅಣ್ಣೋ, ಕೆಳ್ಗೆ ಎಲ್ಡವೆ. ಒಂದ್ರ ಕೊಂಡಿ ಒಳಕ್ಕೆ ಇನ್ನೊಂದು ಸಿಕ್ಕಂಡದೆ."

ಹರಿಗೋಲಿನವರೂ ನಾವೂ ಸೇರಿ ಎಳೆದೆವು. ನಮ್ಮ ಲಂಗರು ಮೇಲೆ ಬಂತು. ಅದರ ಕೊಕ್ಕೆಗೆ ಜೋತುಬಿದ್ದು ಇನ್ನೊಂದು ಲಂಗರು ಬಂತು. ತುಕ್ಕು ಹಿಡಿದು ಕೆಂಪಾಗಿತ್ತು. ಅದರ ಕೊಂಡಿಗೆ ಮೂರು ಮಾರು ನೀಲಿ ನೈಲಾನ್ ಹಗ್ಗ ಇನ್ನೂ ಕಟ್ಟಿಕೊಂಡೇ ಇತ್ತು. ಹಗ್ಗದ ತುದಿ ತುಂಡಾಗಿ ಹೋದ ಹಾಗೆ ಇರಲಿಲ್ಲ, ಚಾಕುವಿನಿಂದ ನೀಟಾಗಿ ಕುಯ್ದ ಹಾಗಿತ್ತು. ಪ್ರವಾಹದಲ್ಲಿ ಕೊಚ್ಚಿಹೋದ ಲಂಗರು ಇಳಿಸಿದ ಜಾಗದಲ್ಲೇ ಕೂತಿತ್ತು. ದೊಡ್ಡ ಸಾಹೇಬರು ಆಚೆ ದಡದ ಗೋಪುರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಮಾತು ತೆಗೆದವರು ಆಯಮ್ಮ. "ರೀ, ಇದೇ ಅಲ್ವಾ ಆ ಲಂಗರು? ನಮ್ಮನೆಗೆ ಹೆಣ್ಣು ನೋಡೋಕೆ ಬಂದ ದಿನ ಹೇಳಿದ್ರಲ್ಲ."

"ಅದೆಲ್ಲ ಈಗ ಯಾಕೆ" ಎಂದರು ಸಾಹೇಬರು.

ಆಯಮ್ಮ ನಮ್ಮ ಕಡೆ ತಿರುಗಿ ಸಂತೋಷದಿಂದ ಹೇಳಿದರು. "ಅವತ್ತು ಇವರು ಬಂದಿದ್ದೇ ಎರಡು ಗಂಟೆ ತಡ. ಪ್ಯಾಂಟೆಲ್ಲ ಒದ್ದೆ. ನಮ್ಮ ತಂದೆ ಸಿಟ್ಟಿನಲ್ಲಿ ಕಾಫಿನೂ ಬೇಡ, ಕಳಿಸಿಬಿಡಿ ಅಂತಿದ್ರು. ಆಗ ಇವರು ಹೇಳಿದ್ರು, ಹೊಳೆಗೆ ಪ್ರವಾಹ ಬಂದು ದೋಣಿಯವನು ಹಗ್ಗಕ್ಕೆ ಸಿಕ್ಕಿ ಮುಳುಗ್ತಿದ್ದ, ನನ್ನ ಕೈಯಾರೆ ಹಗ್ಗ ಕತ್ತರಿಸಿ ಅವನ ಪ್ರಾಣ ಉಳಿಸಿ ಬಂದೆ ಅಂತ. ನಮ್ಮ ತಂದೆ ಕಣ್ಣಲ್ಲಿ ನೀರು. ಯಾರೋ ದೋಣಿಯವನನ್ನ ಹೀಗೆ ನೋಡ್ಕೊಂಡವನು ನನ್ನ ಮಗಳನ್ನ ನೋಡ್ಕೊಳ್ಳಲ್ವಾ ಅಂತ ಒಂದೇ ಮಾತಿಗೆ ಒಪ್ಪಿದ್ರು." ಆಮೇಲೆ ತಮ್ಮಷ್ಟಕ್ಕೆ ಎಂಬಂತೆ ಸೇರಿಸಿದರು. "ಆ ದೋಣಿಯವನು ಈಗ ಎಲ್ಲಿದ್ದಾನೋ, ಪಾಪ."

"ನಾನೇ ಕಣವ್ವ" ಎಂದ ದೋಣಿಯಣ್ಣ.

"ಹೌದೇನಪ್ಪ? ಇವರು ನಿನ್ನ ಪ್ರಾಣ ಉಳಿಸಿದ್ದು ನಿಜ ತಾನೆ?"

ದೊಡ್ಡ ಸಾಹೇಬರು ಗೋಪುರ ಬಿಟ್ಟು ದೋಣಿಯಣ್ಣನ ಮುಖ ನೋಡಿದರು. ತಪಾಸಣೆಗೆ ಬಂದ ಅಧಿಕಾರಿ ಒಬ್ಬ ದಿನಗೂಲಿಯ ಮುಖವನ್ನು ಹಾಗೆ ನೋಡಿದ್ದನ್ನು ನನ್ನ ಸರ್ವೀಸಿನಲ್ಲಿ ನಾನು ಅದೊಂದೇ ಸಲ ಕಂಡದ್ದು.

"ದಿಟ ಕಣವ್ವ" ಎಂದ ದೋಣಿಯಣ್ಣ. "ಸಾಯೇಬ್ರೇ ಕಾಪಾಡುದ್ರು."

ಆಯಮ್ಮ ಕೈಮುಗಿದರು. ಆಮೇಲೆ ಹುಬ್ಬು ಗಂಟಾಯಿತು. "ಮತ್ತೆ ಆಗಲೇ ಓದಿದ್ರಲ್ಲ, ಅಜಾಗರೂಕತೆ ಅಂತ? ಸಾವಿನ ಬಾಯಿಗೆ ಹೋಗಿ ಬದುಕಿದವನ ಮೇಲೆ ಹಾಗೆ ಬರೆದ ಪುಣ್ಯಾತ್ಮ ಯಾರು?"

"ಯಾರೋ ಹಿಂದಿನವರು" ಎಂದರು ದೊಡ್ಡ ಸಾಹೇಬರು. "ಅವರಿಗೆ ವಿಷಯ ಗೊತ್ತಿರಲಿಲ್ಲ ಅಂತ ಕಾಣುತ್ತೆ. ನಾನು ತೆಗೆಸ್ತೀನಿ."

ದಡ ಸೇರಿದ ಮೇಲೆ ಜೀಪಿನ ಬಾನೆಟ್ಟಿನ ಮೇಲೆ ಕಡತ ಇಟ್ಟು ಬರೆದರು. ಲಂಗರು ದೊರೆತಿದೆ, ಹಿಂದಿನ ಷರಾ ರದ್ದು, ಖಾಯಮಾತಿಗೆ ಶಿಫಾರಸು. ಆಯಮ್ಮ ಪಕ್ಕದಲ್ಲೇ ನಿಂತು "ಇನ್ನೊಂದು ಸಾಲು ಚೆನ್ನಾಗಿ ಬರೀರಿ" ಎಂದರು. ಪ್ರಾಮಾಣಿಕ ನೌಕರ ಎಂದೂ ಸೇರಿತು. ಸಹಿ ಬಿತ್ತು. ಜೀಪು ಹೋಯಿತು.

ನಾನು ಕಡತವನ್ನು ಎದೆಗವಚಿಕೊಂಡು ದೋಣಿಯಣ್ಣನ ಪಕ್ಕ ಕೂತೆ. ಅವನು ಹಳೆಯ ಲಂಗರನ್ನು ಮರಳು ಹಾಕಿ ತಿಕ್ಕುತ್ತಿದ್ದ. ಅವತ್ತು ನಿಜವಾಗಿ ಏನಾಯಿತು ಎಂದು ಕೇಳಿದೆ.

"ಪ್ರವಾಹನೂ ಇಲ್ಲ ಏನೂ ಇಲ್ಲ ಸಾ. ಲಂಗ್ರು ಕಚ್ಕಂತು. ನಾನು ಜನ ಕರಿಯಕ್ಕೆ ಈಜ್ಕೊಂಡು ದಡಕ್ಕೆ ಬಂದಿದ್ದೆ. ತಿರುಗಿ ನೋಡ್ತೀನಿ, ದೋಣಿ ತಾನಾಗೇ ಓಯ್ತಾ ಅದೆ. ಎಣ್ಣು ನೋಡಕ್ಕೆ ಒತ್ತಾಯ್ತು ಅಂತ ಸಾಯೇಬ್ರು ಅಗ್ಗ ಕುಯ್ದವ್ರೆ. ಹುಟ್ಟ ತಲೆಕೆಳಗಾಗಿ ಇಡ್ಕಂಡು ಕೂಗ್ತಾ ಅವ್ರೆ. ಅರ್ಧ ಮೈಲಿ ದಡದಲ್ಲಿ ಓಡಿ, ನೀರಿಗೆ ಬಿದ್ದು, ಇಡ್ಕಂಡು ಬಂದೆ. ಲಂಗ್ರು ಮುಳುಗಿ ಎತ್ತೀನಿ ಅಂದೆ, ಮಾರ್ನೆ ದಿನವೇ ನಂಜನಗೂಡಿಗೆ ಆರ್ಡರ್ ಮಾಡುದ್ರು."

ಅಂದರೆ ಪ್ರಾಣ ಉಳಿಸಿದವನು ಇವನು, ಉಳಿಸಿಕೊಂಡವರು ಅವರು. ಅದಕ್ಕೆ ಬಹುಮಾನ ಹದಿನೈದು ವರ್ಷದ ದಿನಗೂಲಿ. ನನಗೆ ತಡೆಯಲಾಗಲಿಲ್ಲ. "ಅಲ್ಲ ಅಣ್ಣ, ಆಯಮ್ಮನೇ ಬಾಯಿಬಿಟ್ಟು ಕೇಳಿದ್ರಲ್ಲ. ಅಲ್ಲೇ ನಿಜ ಹೇಳಬಾರದಾಗಿತ್ತಾ? ಸಾಹೇಬರು ಸತ್ತೆನೋ ಕೆಟ್ಟೆನೋ ಅಂತ ಸೈನ್ ಮಾಡ್ತಿದ್ರು."

ದೋಣಿಯಣ್ಣ ಲಂಗರನ್ನು ನೀರಿನಲ್ಲಿ ಒಮ್ಮೆ ಅದ್ದಿ ತೆಗೆದ.

"ಆಯಮ್ಮ ಆ ಮನೇಲಿ ಹದ್ನೈದ್ ವರ್ಸದಿಂದ ಅವ್ರೆ ಸಾ" ಎಂದ. "ನಾನು ಖಾಯಂ ಆಗ್ಬೇಕು ಅಂತ ಸಾಯೇಬ್ರನ್ನ ಯಾಕ್ ಟೆಂಪರ್ವರಿ ಮಾಡದು?"